ಹೆಡ್‌ಲೈಟ್ ಬೆಳಕು ಸಾಲುತ್ತಿಲ್ಲ, ಯಾವ ಬಲ್ಬ್ ಹಾಕಿಸಲಿ?

ಇರುಳುಪಯಣಿಗ:
ನನ್ನ ಕಾರಿಗೆ ಈಗ ಒಂಬತ್ತು ವರ್ಷ. ಎಚ್4 ಹ್ಯಾಲೊಜೆನ್ ಬಲ್ಬ್, 60/55 ವ್ಯಾಟ್ (ಹೈ ಬೀಮಿಗೆ 60, ಲೋ ಬೀಮಿಗೆ ಎಂದರೆ ಡಿಪ್ಪಿಗೆ 55), ಬೆಳಕನ್ನು ಮುಂದಕ್ಕೆ ತಿರುಗಿಸುವ ಸಾಮಾನ್ಯ ರಿಫ್ಲೆಕ್ಟರ್. ಹಗಲಿನಲ್ಲಿ ಯಾವ ದೂರೂ ಇಲ್ಲ, ಇರುಳಾದರೆ ಬುಡ್ಡಿದೀಪ ಹಿಡಿದು ಹೊರಟ ಹಾಗೆ. ಮಳೆಯಲ್ಲಂತೂ ಲೈಟ್ ಹಾಕಿದ್ದೇನೆಯೋ ಇಲ್ಲವೋ ಎಂದು ಸ್ವಿಚ್ ಮುಟ್ಟಿ ನೋಡಿಕೊಳ್ಳುತ್ತೇನೆ. ಕಳೆದ ವಾರ ಬೀದಿದೀಪವಿಲ್ಲದ ರಸ್ತೆಯಲ್ಲಿ ಟ್ರೇಲರ್ ಒಂದು ಕೆಟ್ಟು ನಿಂತಿತ್ತು. ಹಿಂಬದಿಯಲ್ಲಿ ಕೆಂಪು ಚುಕ್ಕೆಯೂ ಇರಲಿಲ್ಲ. ಬಾನೆಟ್ಟಿನ ಮುಂದೆಯೇ ನೆಲದಿಂದ ಎದ್ದು ಬಂದಂತೆ ಕಂಡಿತು. ಬ್ರೇಕ್ ಒತ್ತಿ ನಿಂತಾಗ ನಡುವೆ ಒಬ್ಬರು ಮಲಗುವಷ್ಟು ಜಾಗ ಉಳಿದಿತ್ತು. ಅಂದಿನಿಂದ ಕತ್ತಲಾದ ಮೇಲೆ ಮನೆಯವರು ಕಾರು ಹತ್ತುತ್ತಿಲ್ಲ.

ನನ್ನ ಮುಂದೆ ಮೂರು ದಾರಿಗಳಿವೆ. 100/90 ವ್ಯಾಟಿನ ಹ್ಯಾಲೊಜೆನ್, ಪೆಟ್ಟಿಗೆಯ ಮೇಲೆ 20,000 ಲ್ಯೂಮೆನ್ (ಬೆಳಕಿನ ಪ್ರಮಾಣ) ಎಂದು ಬರೆದಿರುವ 6000 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ, ಅಂದರೆ ಅಚ್ಚ ಬಿಳಿ) ಎಲ್‌ಇಡಿ, ಇಲ್ಲವೇ 35 ವ್ಯಾಟಿನ ಎಚ್‌ಐಡಿ (ತಂತುವಿಲ್ಲದೆ ಅನಿಲದಲ್ಲಿ ಬೆಳಗುವ ಬಲ್ಬ್) ಕಿಟ್. ಯಾವುದನ್ನು ಹಾಕಿಸಲಿ? ಬಳಸಿದವರು ಹೇಳಿ.

ಮೂರನೇಗೇರ್:
ಎಲ್‌ಇಡಿ. ಯೋಚನೆಯೇ ಬೇಡ. ಎರಡು ವರ್ಷದಿಂದ ಬಳಸುತ್ತಿದ್ದೇನೆ, ರಾತ್ರಿ ಹಗಲಾಗಿದೆ.

ಎದುರುಬದಿಯವನು:
ನಿಮಗೆ ಹಗಲು, ಎದುರಿಗೆ ಬರುವ ನಮಗೆ ಗ್ರಹಣ. ಆ ಬಿಳಿ ಉಂಡೆ ಎದುರಾದಾಗಲೆಲ್ಲ ರಸ್ತೆಯ ಅಂಚು ಎಲ್ಲಿದೆ ಎಂದು ಊಹಿಸಿಕೊಂಡು ಓಡಿಸುತ್ತೇನೆ. ಡಿಪ್ ಮಾಡಿ ಎಂದು ಲೈಟ್ ಮಿಣುಕಿಸಿದರೆ, ಪುಣ್ಯಾತ್ಮರು ಇದು ಡಿಪ್ಪೇ ಎಂದು ತೋರಿಸಲು ಹೈ ಬೀಮ್ ಹಾಕಿ ಮತ್ತೊಮ್ಮೆ ಚುಚ್ಚುತ್ತಾರೆ.

ಬೆಸುಗೆಕಡ್ಡಿ:
ಇರುಳುಪಯಣಿಗರೇ, ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಬೇಡಿ. ಮೊದಲು ಬಲ್ಬಿಗೆ ಎಷ್ಟು ವೋಲ್ಟ್ ತಲುಪುತ್ತಿದೆ ಎಂದು ನೋಡಿ.

ಹಳೆಯ ಕಾರುಗಳಲ್ಲಿ ಹೆಡ್‌ಲೈಟಿನ ಪೂರ್ತಿ ಕರೆಂಟ್ ಬ್ಯಾಟರಿಯಿಂದ ಫ್ಯೂಸ್ ಪೆಟ್ಟಿಗೆಗೆ ಹೋಗಿ, ಅಲ್ಲಿಂದ ಸ್ಟೀರಿಂಗ್ ಪಕ್ಕದ ಸ್ವಿಚ್ಚಿಗೆ ಬಂದು, ಡಿಪ್ಪರ್ ದಾಟಿ, ಮತ್ತೆ ತೆಳುವಾದ ತಂತಿಯಲ್ಲಿ ಮುಂದಕ್ಕೆ ಓಡುತ್ತದೆ. ಒಂದೊಂದು ಜೋಡಣೆಯೂ ಸುಂಕದ ಕಟ್ಟೆ. ಒಂಬತ್ತು ವರ್ಷದ ಪಾಚಿ, ಸಡಿಲ, ಸುಟ್ಟ ಕಾಂಟ್ಯಾಕ್ಟ್ ಎಲ್ಲವೂ ತಮ್ಮ ಪಾಲು ತೆಗೆದುಕೊಳ್ಳುತ್ತವೆ. ಹ್ಯಾಲೊಜೆನ್ ಬಲ್ಬ್ ಈ ವಿಷಯದಲ್ಲಿ ಬಹಳ ಸೂಕ್ಷ್ಮ. ವೋಲ್ಟೇಜ್ 10% ಇಳಿದರೆ ಬೆಳಕು ಇಳಿಯುವುದು 10% ಅಲ್ಲ, ಹೆಚ್ಚು ಕಡಿಮೆ 30%. ಬಣ್ಣವೂ ಹಳದಿಗೆ ತಿರುಗುತ್ತದೆ.

ಪರೀಕ್ಷೆ ಸುಲಭ. ಎಂಜಿನ್ ಚಾಲೂ ಇರಲಿ, ಲೋ ಬೀಮ್ ಉರಿಯುತ್ತಿರಲಿ, ಬಲ್ಬ್ ಜೋಡಿಸಿಯೇ ಇರಲಿ. ಮಲ್ಟಿಮೀಟರಿನ ಒಂದು ಕಡ್ಡಿ ಬ್ಯಾಟರಿಯ ಪ್ಲಸ್ ಮೇಲೆ, ಇನ್ನೊಂದು ಬಲ್ಬ್ ಹೋಲ್ಡರಿನ ಹಿಂಬದಿಯಿಂದ ಲೋ ಬೀಮ್ ಪಿನ್ನಿಗೆ. ತೋರಿಸುವ ಅಂಕಿ ದಾರಿಯಲ್ಲಿ ಸೋರಿಹೋದ ವೋಲ್ಟ್. ಅರ್ಧ ವೋಲ್ಟಿಗಿಂತ ಕಡಿಮೆ ಇದ್ದರೆ ವೈರಿಂಗ್ ಗಟ್ಟಿಯಾಗಿದೆ. ಒಂದು ದಾಟಿದರೆ ಯಾವ ಬಲ್ಬ್ ತಂದರೂ ಅಷ್ಟೇ. ಇದೇ ರೀತಿ ಬ್ಯಾಟರಿ ಮೈನಸ್ ಮತ್ತು ಹೋಲ್ಡರಿನ ಅರ್ತ್ ಪಿನ್ ನಡುವೆಯೂ ನೋಡಿ. ಬಹುತೇಕರು ಅರ್ತ್ ಮರೆಯುತ್ತಾರೆ, ಕಳ್ಳ ಅಲ್ಲಿಯೇ ಅಡಗಿರುತ್ತಾನೆ.

ವೈರ್‌ಕಟ್ಟರ್:
ಸಣ್ಣ ತಿದ್ದುಪಡಿ. ಕೆಲವು ಕಾರುಗಳಲ್ಲಿ ಸ್ವಿಚ್ ಇರುವುದು ಮೈನಸ್ ಕಡೆಗೆ. ಹೋಲ್ಡರಿನ ನಡುವಿನ ಪಿನ್ನಿಗೆ ಸದಾ ಪ್ಲಸ್ ಬರುತ್ತಿರುತ್ತದೆ. ಯಾವ ಪಿನ್ ಯಾವುದು ಎಂದು ಮೊದಲು ಖಚಿತ ಮಾಡಿಕೊಳ್ಳದೆ ಅಳೆದರೆ ಮೀಟರ್ ಏನೇನೋ ಹೇಳುತ್ತದೆ.

ಬೆಸುಗೆಕಡ್ಡಿ:
ಸರಿ, ಒಪ್ಪಿದೆ. ಬರೆಯುವಾಗ ಬಿಟ್ಟುಹೋಯಿತು.

ಹಳೆಗಾಡಿ:
100/90 ಬಲ್ಬಿನ ಬಗ್ಗೆ ನನ್ನ ಕಥೆ ಕೇಳಿ. ವರ್ಷಗಳ ಹಿಂದೆ, ರಿಲೇ ಗಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟ್ ಚಾಲೂ ಮಾಡುವ ಸ್ವಿಚ್) ಏನೂ ಇಲ್ಲದೆ, ಇದ್ದ ವೈರಿಗೇ ಸಿಕ್ಕಿಸಿದ್ದೆ. ಮೊದಲ ತಿಂಗಳು ರಾಜನ ಹಾಗೆ ಓಡಾಡಿದೆ. ಎರಡನೆಯ ತಿಂಗಳಲ್ಲಿ ಕಾರಿನೊಳಗೆ ಮೀನು ಹುರಿದಂಥ ಒಂದು ವಾಸನೆ. ಬಾನೆಟ್ ಎತ್ತಿ ಹೋಲ್ಡರ್ ಎಳೆದೆ, ಬರಲಿಲ್ಲ. ಪ್ಲಾಸ್ಟಿಕ್ ಕರಗಿ ಬಲ್ಬಿನ ಮೂರು ಕಾಲುಗಳಿಗೂ ಮಿಠಾಯಿಯಂತೆ ಅಂಟಿಕೊಂಡಿತ್ತು. ಬಲ್ಬ್ ಸಮೇತ ಕತ್ತರಿಸಿ ತೆಗೆದು ನೋಡಿದರೆ ರಿಫ್ಲೆಕ್ಟರಿನ ಮೇಲ್ಭಾಗದಲ್ಲಿ, ಬಲ್ಬಿನ ನೇರ ಮೇಲೆ, ರೂಪಾಯಿ ಅಗಲದ ಕಂದು ಕಲೆ. ಬೆಳ್ಳಿಯಂತೆ ಹೊಳೆಯುವ ಲೇಪ ಬೆಂದುಹೋಗಿತ್ತು. ಆಮೇಲೆ ಹಳೆಯ 55 ವ್ಯಾಟ್ ಹಾಕಿದರೆ ಮೊದಲಿಗಿಂತ ಮಂಕು. ಕೊನೆಗೆ ಇಡೀ ಹೆಡ್‌ಲೈಟ್ ಬದಲಿಸಬೇಕಾಯಿತು.

ಲೆಕ್ಕ ಆಮೇಲೆ ತಿಳಿಯಿತು. 12 ವೋಲ್ಟಿಗೆ 55 ವ್ಯಾಟ್ ಎಂದರೆ 4.6 ಆಂಪಿಯರ್, 90 ವ್ಯಾಟ್ ಎಂದರೆ 7.5. ತಂತಿಯಲ್ಲಿ ಹುಟ್ಟುವ ಬಿಸಿ ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುತ್ತದೆ, ಅಂದರೆ ಎರಡೂವರೆ ಪಟ್ಟಿಗಿಂತ ಹೆಚ್ಚು.

ಮೂರನೇಗೇರ್:
ಅದಕ್ಕೇ ಹೇಳಿದ್ದು ಎಲ್‌ಇಡಿ ಎಂದು. ಎಳೆಯುವುದು 30 ವ್ಯಾಟ್, ಕೊಡುವುದು 20,000 ಲ್ಯೂಮೆನ್. ವೈರೂ ಬಿಸಿಯಾಗುವುದಿಲ್ಲ, ಯಾವ ತಲೆನೋವೂ ಇಲ್ಲ.

ಮಸೂರ:
ಪೆಟ್ಟಿಗೆಯ ಮೇಲೆ ಏನು ಬೇಕಾದರೂ ಅಚ್ಚು ಹಾಕಬಹುದು, ಕಾಗದ ಜಗಳ ಮಾಡುವುದಿಲ್ಲ. ಕಾರಿನ ಎಲ್‌ಇಡಿ ವ್ಯಾಟಿಗೆ 100 ಲ್ಯೂಮೆನ್ ಕೊಡುತ್ತದೆ ಎಂದು ಧಾರಾಳವಾಗಿಯೇ ಹಿಡಿಯೋಣ. 30 ವ್ಯಾಟಿಗೆ 3,000 ಆಯಿತು. ಉಳಿದ 17,000 ಎಲ್ಲಿಂದ ಬರುತ್ತದೆ? 20,000 ನಿಜವಾಗಿದ್ದರೆ ಒಂದೊಂದು ಬಲ್ಬೂ 200 ವ್ಯಾಟ್ ಎಳೆಯಬೇಕಿತ್ತು.

ಹೋಲಿಕೆಗೆ ಹೇಳುತ್ತೇನೆ. ಮಾನ್ಯತೆ ಪಡೆದ ಎಚ್4 ಬಲ್ಬ್ 13.2 ವೋಲ್ಟಿನಲ್ಲಿ ಲೋ ಬೀಮಿಗೆ ಕೊಡುವುದು ಸುಮಾರು 1,000 ಲ್ಯೂಮೆನ್, ಹೈ ಬೀಮಿಗೆ 1,650. ಎಚ್7 ಆದರೆ 1,500. ಕಾರ್ಖಾನೆಯಿಂದಲೇ ಬರುವ 35 ವ್ಯಾಟಿನ ಡಿ2ಎಸ್ ಎಚ್‌ಐಡಿ 3,200. ಇವೆಲ್ಲ ಅಳೆದ ಅಂಕಿಗಳು.

ಆದರೆ ಲ್ಯೂಮೆನ್ ಇಲ್ಲಿ ಎರಡನೆಯ ಮಾತು. ಒಂದು ಹಳೆಯ ಎಚ್4 ಬಲ್ಬನ್ನು ಕೈಯಲ್ಲಿ ಹಿಡಿದು ಕಿಟಕಿಯ ಕಡೆ ಮಾಡಿ ನೋಡಿ. (ಗಾಜು ಮುಟ್ಟಬೇಡಿ, ಬುಡ ಹಿಡಿಯಿರಿ.) ಒಳಗೆ ಎರಡು ತಂತುಗಳಿವೆ. ಮುಂದಿನದು ಲೋ ಬೀಮ್. ಅದರ ಅಡಿಯಲ್ಲಿ ಚಿಕ್ಕ ಚಮಚದಂಥ ಲೋಹದ ಬಟ್ಟಲು ಇದೆ. ಆ ಬಟ್ಟಲು ಕೆಳಕ್ಕೆ ಹೋಗುವ ಬೆಳಕನ್ನು ತಡೆಯುತ್ತದೆ. ಹಾಗಾಗಿ ರಿಫ್ಲೆಕ್ಟರಿನ ಮೇಲರ್ಧಕ್ಕೆ ಮಾತ್ರ ಬೆಳಕು ಬಿದ್ದು, ಅಲ್ಲಿಂದ ತಿರುಗಿ ರಸ್ತೆಗೆ ಇಳಿಯುತ್ತದೆ. ಬಟ್ಟಲಿನ ಒಂದು ಅಂಚು 15 ಡಿಗ್ರಿ ಓರೆ. ಅದರಿಂದಲೇ ರಸ್ತೆಯಂಚಿನ ಕಡೆ ಬೆಳಕು ಸ್ವಲ್ಪ ಮೇಲೇರಿ ದೂರ ಹೋಗುತ್ತದೆ, ಎದುರಿನವರ ಕಡೆ ಕೆಳಗೇ ನಿಲ್ಲುತ್ತದೆ. ಇಷ್ಟು ನಾಜೂಕಿನ ಕೆಲಸ ಆ ಉಗುರಿನಷ್ಟು ತಗಡಿನದು.

ಎಲ್‌ಇಡಿ ಬಲ್ಬಿನಲ್ಲಿ ತಂತುವಿನ ಜಾಗದಲ್ಲಿ ಒಂದು ಹಲಗೆ, ಅದರ ಎರಡು ಮಗ್ಗುಲಲ್ಲಿ ಬೆಳಕು ಬೀರುವ ಚಿಪ್ಪು (ಚಿಪ್). ಹಲಗೆ ಒಂದೆರಡು ಮಿಲಿಮೀಟರ್ ದಪ್ಪವಾದರೂ ಸಾಕು, ಬೆಳಕಿನ ಹುಟ್ಟು ಜಾಗ ಬದಲಾಗುತ್ತದೆ, ರಿಫ್ಲೆಕ್ಟರಿನ ಲೆಕ್ಕವೇ ತಪ್ಪುತ್ತದೆ. ರಸ್ತೆಗೆ ಹೋಗಬೇಕಾದದ್ದು ಮರದ ಕೊಂಬೆಗೆ ಹೋಗುತ್ತದೆ. ಎಚ್‌ಐಡಿ ಕಿಟ್ಟನ್ನು ಈ ರಿಫ್ಲೆಕ್ಟರಿಗೆ ಹಾಕಿದರಂತೂ ಕೇಳಲೇಬೇಡಿ.

ಮೂರನೇಗೇರ್:
ಅಷ್ಟೆಲ್ಲ ಓದಿಕೊಂಡವನಲ್ಲ ನಾನು. ಕಣ್ಣಿಗೆ ಕಾಣುವುದನ್ನು ಹೇಳುತ್ತಿದ್ದೇನೆ. ಬಾನೆಟ್ಟಿನ ಮುಂದೆ ಬಿದ್ದ ಸೂಜಿಯೂ ಕಾಣುತ್ತದೆ.

ಗೂಬೆಕಣ್ಣು:
ತೊಂದರೆ ಇರುವುದೇ ಅಲ್ಲಿ! ಸೂಜಿ ಬಾನೆಟ್ಟಿನ ಮುಂದೆ ಕಂಡು ಏನು ಪ್ರಯೋಜನ, ಹೊಲಿಗೆ ಹಾಕಬೇಕೇ? ಹತ್ತಿರದ ನೆಲ ಅತಿಯಾಗಿ ಬೆಳಗಿದರೆ ಕಣ್ಣಿನ ಪಾಪೆ ಕಿರಿದಾಗುತ್ತದೆ. ಆಗ ದೂರದ ಮಂದ ವಸ್ತು ಇನ್ನೂ ಮಂದ. ಮನಸ್ಸಿಗೆ ಮಾತ್ರ ಎಲ್ಲ ಚೆನ್ನಾಗಿ ಕಾಣುತ್ತಿದೆ ಎಂಬ ಸಮಾಧಾನ. 80 ಕಿ.ಮೀ. ವೇಗದಲ್ಲಿ ಕಾರು ಸೆಕೆಂಡಿಗೆ 22 ಮೀಟರ್ ಓಡುತ್ತದೆ. ಕಾಲು ಬ್ರೇಕಿಗೆ ಹೋಗಲು ಒಂದು ಸೆಕೆಂಡ್, ಒಣ ರಸ್ತೆಯಲ್ಲಿ ನಿಲ್ಲಲು ಇನ್ನೂ ಸುಮಾರು 35 ಮೀಟರ್. ಒಟ್ಟು 57. ನೀವು ನೋಡಬೇಕಾದದ್ದು ಆ 57ರ ಆಚೆಗೆ.

ಎದುರುಬದಿಯವನು:
ಅದಕ್ಕಿಂತ ನಿಧಾನವಾಗಿ ಹೋಗಬಹುದಲ್ಲ? ಯಾರೂ ಅದನ್ನು ಹೇಳುತ್ತಲೇ ಇಲ್ಲ.

ಗೂಬೆಕಣ್ಣು:
ಅದಕ್ಕೆ ಬಲ್ಬ್ ಬೇಕಾಗಿಲ್ಲವಲ್ಲ, ಆದ್ದರಿಂದ ಯಾರಿಗೂ ಇಷ್ಟವಿಲ್ಲ.

ಪ್ರೊಜೆಕ್ಟರ್‌ಪ್ರಿಯ:
ನನ್ನದು ಪ್ರೊಜೆಕ್ಟರ್ (ಬಲ್ಬಿನ ಮುಂದೆ ಮಸೂರವಿರುವ ಹೆಡ್‌ಲೈಟ್), ಎಚ್11 ಬಲ್ಬ್. ಒಳ್ಳೆಯ ಎಲ್‌ಇಡಿ ಹಾಕಿದ್ದೇನೆ. ಬೆಳಕಿನ ಮೇಲಂಚು ಕತ್ತರಿಸಿದಂತೆ ನೇರವಾಗಿದೆ, ಎದುರಿನ ಯಾರೂ ಬೈದಿಲ್ಲ. ಆದ್ದರಿಂದ ಎಲ್ಲ ಎಲ್‌ಇಡಿಯನ್ನೂ ಒಂದೇ ಗಾಣಕ್ಕೆ ಹಾಕಬೇಡಿ.

ಮಸೂರ:
ಪ್ರೊಜೆಕ್ಟರಿನಲ್ಲಿ ಮೇಲಂಚನ್ನು ಒಳಗಿನ ತಗಡಿನ ಪರದೆಯೇ ಕತ್ತರಿಸುತ್ತದೆ. ಆದ್ದರಿಂದ ಬೇರೆ ಬಲ್ಬ್ ಹಾಕಿದರೂ ಗೆರೆ ಉಳಿಯುತ್ತದೆ. ಆದರೆ ಗೆರೆ ಇದ್ದ ಮಾತ್ರಕ್ಕೆ ಬೆಳಕು ಬೇಕಾದ ಕಡೆ ಬಿದ್ದಿದೆ ಎಂದಲ್ಲ. ಹ್ಯಾಲೊಜೆನ್ ಪ್ರೊಜೆಕ್ಟರಿನಲ್ಲಿ ಎಲ್‌ಇಡಿ ಹಾಕಿದಾಗ ಗೆರೆಯ ಕೆಳಗಿನ ನಡುಭಾಗ, ಅಂದರೆ ದೂರಕ್ಕೆ ಹೋಗಬೇಕಾದ ಭಾಗ, ಮಂಕಾಗಿ ಎರಡು ಪಕ್ಕ ಹೊಳೆಯುವುದುಂಟು.

ನಿಮ್ಮ ಹೆಡ್‌ಲೈಟ್ ಗಾಜಿನ ಮೇಲೆ ಉಬ್ಬು ಅಕ್ಷರಗಳಿರುತ್ತವೆ, ನೋಡಿ. ವೃತ್ತದೊಳಗೆ ಇ ಅಕ್ಷರ ಮತ್ತು ಒಂದು ಸಂಖ್ಯೆ ಇದ್ದರೆ ಯಾವ ದೇಶ ಮಾನ್ಯತೆ ಕೊಟ್ಟಿತು ಎಂದರ್ಥ, 1 ಎಂದರೆ ಜರ್ಮನಿ, 4 ಎಂದರೆ ನೆದರ್ಲೆಂಡ್ಸ್. ಪಕ್ಕದಲ್ಲಿ ಎಚ್‌ಸಿಆರ್ ಎಂದಿದ್ದರೆ ಹ್ಯಾಲೊಜೆನ್, ಲೋ ಮತ್ತು ಹೈ ಎರಡೂ. ಡಿಸಿ ಎಂದು ಶುರುವಾದರೆ ಎಚ್‌ಐಡಿಗೆಂದೇ ಮಾಡಿದ್ದು. ಎಚ್ ಎಂದು ಬರೆದ ದೀಪದಲ್ಲಿ ಬೇರೆ ಬೆಳಕು ಹಾಕಿದರೆ ಅದರ ಮಾನ್ಯತೆ ಹೋಯಿತು, ತಪಾಸಣೆಯಲ್ಲಿ ಮತ್ತು ವಿಮೆಯಲ್ಲಿ ತಕರಾರು ಬರಬಹುದು. ಜರ್ಮನಿಯಲ್ಲಿ 2020ರಿಂದ ಕೆಲವು ಎಲ್‌ಇಡಿ ಬಲ್ಬುಗಳಿಗೆ ಅನುಮತಿ ಸಿಕ್ಕಿದೆ, ಅದೂ ಪಟ್ಟಿಯಲ್ಲಿರುವ ಕಾರು ಮಾದರಿಗಳಿಗೆ ಮಾತ್ರ. ಒಂದೊಂದು ದೀಪದಲ್ಲೂ ಪರೀಕ್ಷಿಸಿ ಕೊಟ್ಟದ್ದು. ಅಂದರೆ ಎಲ್‌ಇಡಿ ಆಗುವುದೇ ಇಲ್ಲ ಎಂದು ನಾನೂ ಹೇಳುತ್ತಿಲ್ಲ.

ಮಂಜುದಾರಿ:
ಬಣ್ಣದ ವಿಷಯ ಯಾರೂ ಎತ್ತಲಿಲ್ಲ. 6000 ಕೆಲ್ವಿನ್ ಒಣ ರಸ್ತೆಯಲ್ಲಿ ಸೊಗಸು, ಮಂಜಿನಲ್ಲಿ ಎದುರಿಗೆ ಸುಣ್ಣದ ಗೋಡೆ ಕಟ್ಟಿದ ಹಾಗೆ. ಫ್ರಾನ್ಸಿನಲ್ಲಿ 1993ರವರೆಗೂ ಕಾರುಗಳಿಗೆ ಹಳದಿ ಹೆಡ್‌ಲೈಟೇ ಕಡ್ಡಾಯವಾಗಿತ್ತು. ಹಳದಿ ಬೆಳಕು ಮಂಜನ್ನು ಸೀಳುತ್ತದೆ.

ಮಸೂರ:
ಸೀಳುವುದಿಲ್ಲ. ಮಂಜಿನ ಹನಿ ಬೆಳಕಿನ ಅಲೆಗಿಂತ ಬಹಳ ದೊಡ್ಡದು, ಅದು ನೀಲಿ ಹಳದಿ ಎಂದು ಭೇದ ಮಾಡದೆ ಎಲ್ಲವನ್ನೂ ಚದುರಿಸುತ್ತದೆ. ಆಕಾಶ ನೀಲಿಯಾಗಿರುವ ಕಾರಣವನ್ನು ಮಂಜಿಗೆ ಅಂಟಿಸಬಾರದು. ಹಾಗೆ ತಿರುಗಿ ಬಂದ ಬೆಳಕಿನಲ್ಲಿ ನೀಲಿ ಹೆಚ್ಚಿದ್ದರೆ ಕಣ್ಣಿಗೆ ಹೆಚ್ಚು ಕೋರೈಸುತ್ತದೆ, ಅದು ನಿಜ. ನಿಮ್ಮ ಅನುಭವ ಸರಿ, ಕಾರಣ ಬೇರೆ.

ನೀಲಿ ಲೇಪದ ಹ್ಯಾಲೊಜೆನ್ ಬಲ್ಬುಗಳನ್ನಂತೂ ತರಲೇಬೇಡಿ. ಹ್ಯಾಲೊಜೆನ್ ತಂತು ಸುಮಾರು 3200 ಕೆಲ್ವಿನ್‌ನಲ್ಲಿ ಉರಿಯುತ್ತದೆ. ಅದನ್ನು ಬಿಳಿಯಾಗಿ ತೋರಿಸಲು ಆ ಲೇಪ ಹಳದಿ ಕೆಂಪನ್ನು ನುಂಗುತ್ತದೆ. ಹಾಕಿದ್ದು ಹೆಚ್ಚು ಬೆಳಕಿಗೆಂದು, ಆದದ್ದು ಸೋಸಿದ ಬೆಳಕು.

ಮಂಜುದಾರಿ:
ಕಾರಣ ಯಾವುದಾದರೇನು, ನನ್ನ ಫಾಗ್ ಲ್ಯಾಂಪ್ ಹಳದಿಯಾಗಿಯೇ ಇರುತ್ತದೆ.

ಹೊಸಚಾಲಕಿ:
ಕೇಳಬಾರದ ಪ್ರಶ್ನೆಯೋ ಏನೋ. ಮಳೆಯಲ್ಲಿ ಬೆಳಕು ಮಾಯವಾಗುವುದು ಯಾಕೆ? ನನ್ನದು ಹೊಸ ಕಾರು, ಆದರೂ ಹಾಗೆಯೇ ಆಗುತ್ತದೆ.

ಗೂಬೆಕಣ್ಣು:
ಒಣ ಡಾಂಬರು ಒರಟು, ಬಿದ್ದ ಬೆಳಕಿನಲ್ಲಿ ಒಂದಿಷ್ಟು ನಿಮ್ಮ ಕಣ್ಣಿಗೆ ಹಿಂದಿರುಗುತ್ತದೆ. ನೆನೆದ ಡಾಂಬರು ಕನ್ನಡಿ. ಬೆಳಕು ಜಾರಿಕೊಂಡು ಮುಂದಕ್ಕೆ, ಎದುರಿನವರ ಕಣ್ಣಿಗೆ ಹೋಗುತ್ತದೆ. ಅದಕ್ಕೆ ಬಲ್ಬಿನಲ್ಲಿ ಮದ್ದಿಲ್ಲ. ಕಾರಿನ ಮುಂಗಾಜಿನ ಒಳಬದಿ ಒಮ್ಮೆ ಒರೆಸಿ ನೋಡಿ. ಡ್ಯಾಶ್‌ಬೋರ್ಡಿನ ಪ್ಲಾಸ್ಟಿಕ್ ಬಿಸಿಲಿಗೆ ಬಿಡುವ ಆವಿ ಅಲ್ಲಿ ಪೊರೆ ಕಟ್ಟುತ್ತದೆ, ಹಗಲು ಗೊತ್ತಾಗುವುದಿಲ್ಲ. ವೈಪರ್ ರಬ್ಬರ್ ಹಳೆಯದಾದರೂ ಅಷ್ಟೇ.

ಹಳೆಗಾಡಿ:
ಕಣ್ಣನ್ನೂ ತೋರಿಸಿಕೊಳ್ಳಿ. ನಾನು ಮೂರು ಜೊತೆ ಬಲ್ಬ್ ಬದಲಿಸಿದ ಮೇಲೆ ಕಣ್ಣಿನ ವೈದ್ಯರು ಪೊರೆ ಬಂದಿದೆ ಎಂದರು. ರಾತ್ರಿಗೆಂದು ಹಳದಿ ಕನ್ನಡಕ ಮಾರುತ್ತಾರಲ್ಲ, ಅದನ್ನೂ ಕೊಂಡಿದ್ದೆ. ಇದ್ದ ಬೆಳಕನ್ನೂ ಕಡಿಮೆ ಮಾಡುವ ಉಪಕರಣ ಅದು.

ಇನ್ನೊಂದು, ಹೆಡ್‌ಲೈಟಿನ ಪ್ಲಾಸ್ಟಿಕ್. ಇರುಳುಪಯಣಿಗರ ಕಾರು ಒಂಬತ್ತು ವರ್ಷದ್ದು ಎಂದರೆ ಅದು ಈಗಾಗಲೇ ಮೊಸರು ಬಣ್ಣಕ್ಕೆ ಬಂದಿರಬೇಕು. ಬಿಸಿಲಿಗೆ ಮೇಲಿನ ಲೇಪ ಸಾಯುತ್ತದೆ. ನೀರು ಹಾಕುತ್ತಾ 800, 1500, 2000, 3000 ನಂಬರಿನ ಉಜ್ಜುಕಾಗದದಲ್ಲಿ ಒಂದಾದ ಮೇಲೊಂದರಂತೆ ಉಜ್ಜಬೇಕು. ಮೊದಲ ಕಾಗದಕ್ಕೆ ಹಳದಿ ಹಾಲು ಇಳಿಯುತ್ತದೆ, ದೀಪ ಪೂರ್ತಿ ಮಂಜಾಗಿ ಎದೆ ಧಸಕ್ ಎನ್ನುತ್ತದೆ. ಹೆದರಬೇಡಿ, ಕೊನೆಯ ಪಾಲಿಷಿಗೆ ತಿಳಿಯಾಗುತ್ತದೆ. ಆಮೇಲೆ ಯುವಿ ತಡೆಯುವ ಕ್ಲಿಯರ್ ಕೋಟ್ ಹೊಡೆಯಲೇಬೇಕು. ಇಲ್ಲದಿದ್ದರೆ ಕೆಲವೇ ತಿಂಗಳಲ್ಲಿ ಮತ್ತೆ ಮೊಸರು. ಟೂತ್‌ಪೇಸ್ಟ್ ಹಾಕಿ ಉಜ್ಜುವವರದೂ ಇದೇ ಗತಿ.

ಮೂರನೇಗೇರ್:
ಟೂತ್‌ಪೇಸ್ಟಿನಿಂದ ನನ್ನದು ಚೆನ್ನಾಗಿಯೇ ಆಯಿತು.

ಹಳೆಗಾಡಿ:
ಯಾವಾಗ?

ಮೂರನೇಗೇರ್:
ಹೋದ ಭಾನುವಾರ.

ಇರುಳುಪಯಣಿಗ:
ಎಲ್ಲರಿಗೂ ವಂದನೆ. ವಾರಾಂತ್ಯದಲ್ಲಿ ಬೆಸುಗೆಕಡ್ಡಿಯವರು ಹೇಳಿದಂತೆ ಅಳೆದೆ. ಎಂಜಿನ್ ಚಾಲೂ ಇದ್ದಾಗ ಬ್ಯಾಟರಿಯಲ್ಲಿ 14.1 ವೋಲ್ಟ್. ಎಡಗಡೆಯ ಬಲ್ಬಿಗೆ ತಲುಪುತ್ತಿದ್ದುದು 12.2, ಬಲಗಡೆಗೆ 12.7. ಎಡಗಡೆ ಸೋರಿದ 1.9ರಲ್ಲಿ 0.7 ಅರ್ತ್‌ನಲ್ಲೇ ಹೋಗುತ್ತಿತ್ತು. ಬೋಲ್ಟ್ ಬಿಚ್ಚಿದರೆ ಕೆಳಗೆ ಹಸಿರು ಪುಡಿ.

ಅದಕ್ಕಿಂತ ಮಜಾ ಎಂದರೆ ಎಡಗಡೆಯ ಬಲ್ಬೇ ಸರಿಯಾಗಿ ಕೂತಿರಲಿಲ್ಲ. ಎಚ್4 ಬುಡದಲ್ಲಿ ಮೂರು ಕಿವಿಗಳಿವೆಯಲ್ಲ, ಒಂದು ಕಿವಿ ಗುಳಿಗೆ ಇಳಿಯದೆ ಅಂಚಿನ ಮೇಲೆ ಕೂತು, ಸ್ಪ್ರಿಂಗ್ ತಂತಿ ಅದನ್ನು ಹಾಗೆಯೇ ಒತ್ತಿ ಹಿಡಿದಿತ್ತು. ಒಂದೂವರೆ ವರ್ಷದ ಹಿಂದೆ ಒಂದು ಗ್ಯಾರೇಜಿನಲ್ಲಿ ಬಲ್ಬ್ ಹಾಕಿಸಿದ್ದು. ಅಷ್ಟು ದಿನ ನನ್ನ ಎಡಗಣ್ಣು ಆಕಾಶ ನೋಡಿಕೊಂಡು ಓಡಾಡಿದೆ.

ಬೆಸುಗೆಕಡ್ಡಿ:
14.1ಕ್ಕೆ 12.2 ಎಂದರೆ ಸಿಗಬಹುದಾಗಿದ್ದ ಬೆಳಕಿನಲ್ಲಿ ಎಡಗಡೆ ಸುಮಾರು 60% ಮಾತ್ರ ಸಿಗುತ್ತಿತ್ತು. ರಿಲೇ ಹಾಕಿ. ಬ್ಯಾಟರಿಯಿಂದ 2.5 ಚದರ ಮಿ.ಮೀ. ತಂತಿ, ಬ್ಯಾಟರಿಯ ಹತ್ತಿರವೇ 15 ಆಂಪಿಯರ್ ಫ್ಯೂಸ್, ಅಲ್ಲಿಂದ ರಿಲೇಯ 30ನೆಯ ಪಿನ್. 87ರಿಂದ ಬಲ್ಬಿಗೆ. ಹಳೆಯ ಹೋಲ್ಡರಿಗೆ ಬರುತ್ತಿದ್ದ ತಂತಿಗಳು 85 ಮತ್ತು 86ಕ್ಕೆ. ಅವಕ್ಕೆ ಇನ್ನು ಮೇಲೆ ಸ್ವಿಚ್ ಎಳೆಯುವ ಕೆಲಸ ಮಾತ್ರ, ಹೊರೆ ಹೊರುವುದು ಹೊಸ ತಂತಿ. ಲೋ ಬೀಮಿಗೊಂದು, ಹೈ ಬೀಮಿಗೊಂದು ಬೇರೆ ಬೇರೆ ರಿಲೇ, ಬೇರೆ ಬೇರೆ ಫ್ಯೂಸ್. ಒಂದೇ ಫ್ಯೂಸಿಗೆ ಎಲ್ಲ ಕಟ್ಟಿ, ಅದು ಹೋದ ರಾತ್ರಿ ನನ್ನನ್ನು ನೆನೆಯಬೇಡಿ.

ವೈರ್‌ಕಟ್ಟರ್:
ಪೂರ್ತಿ ವೋಲ್ಟ್ ಸಿಕ್ಕರೆ ಬಲ್ಬಿನ ಆಯುಷ್ಯ ಇಳಿಯುತ್ತದೆ, ಅದನ್ನೂ ಹೇಳಿ. 5% ಏರಿದರೆ ಆಯುಷ್ಯ ಅರ್ಧಕ್ಕೆ ಹತ್ತಿರ ಬರುತ್ತದೆ. ಹೆಚ್ಚು ಬೆಳಕಿನದೆಂದು ಮಾರುವ 55 ವ್ಯಾಟಿನ ಬಲ್ಬುಗಳ ಗುಟ್ಟೂ ಅದೇ. ತಂತುವನ್ನು ಹೆಚ್ಚು ಬಿಸಿಯಾಗಿ ಉರಿಸುತ್ತಾರೆ, ಬೇಗ ಸಾಯುತ್ತದೆ. ಜೊತೆಗೊಂದು ಬಲ್ಬ್ ಡಿಕ್ಕಿಯಲ್ಲಿ ಇಟ್ಟುಕೊಳ್ಳಿ.

ಹೊಸಚಾಲಕಿ:
ಬಲ್ಬ್ ಕೂತಿದ್ದು ಓರೆಯೋ ನೇರವೋ ಎಂದು ಬಿಚ್ಚದೆ ತಿಳಿಯುವುದು ಹೇಗೆ?

ಮಸೂರ:
ಗೋಡೆ. ಸಮತಟ್ಟು ನೆಲದಲ್ಲಿ ಗೋಡೆಗೆ 10 ಮೀಟರ್ ದೂರ ಕಾರು ನಿಲ್ಲಿಸಿ. ಚಕ್ರದ ಗಾಳಿ ಸರಿ ಇರಲಿ, ಚಾಲಕರ ಸೀಟಿನಲ್ಲಿ ಒಬ್ಬರು ಕೂತಿರಲಿ, ಡ್ಯಾಶ್‌ಬೋರ್ಡಿನಲ್ಲಿ ದೀಪ ಏರಿಳಿಸುವ ಗಾಲಿ ಇದ್ದರೆ ಸೊನ್ನೆಯಲ್ಲಿರಲಿ. ಹೆಡ್‌ಲೈಟಿನ ನಡುಬಿಂದು ನೆಲದಿಂದ ಎಷ್ಟು ಎತ್ತರವೋ ಗೋಡೆಯ ಮೇಲೆ ಅಷ್ಟೇ ಎತ್ತರಕ್ಕೆ ಟೇಪ್ ಅಂಟಿಸಿ. ಅನೇಕ ದೀಪಗಳ ಮೇಲೆ ಅಥವಾ ಬಾನೆಟ್ಟಿನ ಕೆಳಗೆ 1.0% ಎಂದೋ 1.2% ಎಂದೋ ಅಚ್ಚಾಗಿರುತ್ತದೆ. 1% ಎಂದರೆ 10 ಮೀಟರಿಗೆ 10 ಸೆಂಟಿಮೀಟರ್ ಇಳಿಜಾರು. ಲೋ ಬೀಮಿನ ಮೇಲಂಚು ಟೇಪಿಗಿಂತ ಅಷ್ಟು ಕೆಳಗೆ ಬರಬೇಕು. ಒಂದು ಪಕ್ಕದಲ್ಲಿ ಗೆರೆ ಮೇಲಕ್ಕೆ ತಿರುಗಿರಬೇಕು. ಗೆರೆಯೇ ಕಾಣದಿದ್ದರೆ ಒಳಗೆ ಏನೋ ಓರೆಯಾಗಿದೆ.

ಇರುಳುಪಯಣಿಗ:
ಮುಗಿಯಿತು. ರಿಲೇ ಹಾಕಿದೆ, ಈಗ ಎರಡೂ ಕಡೆ 13.8. ದೀಪ ಉಜ್ಜಿದೆ (ಎದೆ ಧಸಕ್ ಎಂದದ್ದು ನಿಜ). ಮಾಮೂಲಿ 60/55 ಹೊಸ ಬಲ್ಬ್ ಎರಡು ಹಾಕಿ ಗೋಡೆಯ ಮುಂದೆ ಸರಿಮಾಡಿಕೊಂಡೆ. ನಿನ್ನೆ ಅದೇ ರಸ್ತೆಯಲ್ಲಿ ಹೋದೆ. ಎಲ್‌ಇಡಿಯಂತೆ ಕಣ್ಣು ಕುಕ್ಕುವುದಿಲ್ಲ, ಆದರೆ ರಸ್ತೆಯಂಚಿನ ಮೈಲಿಗಲ್ಲು ಹತ್ತಿರ ಬರುವ ಮುಂಚೆಯೇ ಕಾಣಿಸಿತು. ಮಳೆಯಲ್ಲಿ ಇನ್ನೂ ಓಡಿಸಿಲ್ಲ, ಅಲ್ಲಿ ಹೆಚ್ಚಿನ ಆಸೆಯೂ ಇಲ್ಲ. ಮನೆಯವರು ಪಕ್ಕದಲ್ಲಿ ಕೂತಿದ್ದರು. ಏನೂ ಹೇಳಲಿಲ್ಲ, ಅದೇ ದೊಡ್ಡದು.

ಒಂದು ತಪ್ಪೊಪ್ಪಿಗೆ: ನೀವೆಲ್ಲ ಬರೆಯುವ ಮೊದಲೇ ಎಲ್‌ಇಡಿ ಜೋಡಿ ತರಿಸಿಬಿಟ್ಟಿದ್ದೆ. ಯಾರಿಗಾದರೂ ಬೇಕೇ?

ಎದುರುಬದಿಯವನು:
ಕೊಡಬೇಡಿ, ಅಟ್ಟದ ಮೇಲೆ ಇಡಿ.

ಮೂರನೇಗೇರ್:
ಒಂದು ಮಾತು. ಇಷ್ಟು ಹೇಳಿದ್ದಾರಲ್ಲ ಎಂದು ನಾನೂ ನಿನ್ನೆ ಗೋಡೆಯ ಮುಂದೆ ಕಾರು ನಿಲ್ಲಿಸಿದೆ. ಗೆರೆ ಗಿರೆ ಏನೂ ಇಲ್ಲ, ಮೊಟ್ಟೆ ಒಡೆದು ಚೆಲ್ಲಿದ ಹಾಗಿತ್ತು. ಬಲ್ಬ್ ತೆಗೆದು ನೋಡಿದರೆ ಚಿಪ್ಪುಗಳು ಮೇಲಕ್ಕೂ ಕೆಳಕ್ಕೂ ಮುಖ ಮಾಡಿದ್ದವು. ಕಾಲರ್ (ಬುಡದ ಬಳೆ) ಸಡಿಲಿಸಿ, ಅವು ಎಡಕ್ಕೂ ಬಲಕ್ಕೂ ಮುಖ ಮಾಡುವಂತೆ ತಿರುಗಿಸಿದೆ. ಈಗ ಗೆರೆಯಂಥದ್ದು ಏನೋ ಬಂದಿದೆ, ಟೇಪಿಗಿಂತ ಮೇಲೆಯೇ ಇದೆ. ಬಲ್ಬನ್ನಂತೂ ತೆಗೆಯುವುದಿಲ್ಲ, ಹಟ ಎಂದರೂ ಸರಿ. ಸ್ಕ್ರೂ ತಿರುಗಿಸಿ ಇಳಿಸಲು ನಾಳೆ ನೋಡುತ್ತೇನೆ.

ಎದುರುಬದಿಯವನು:
ನಾಳೆಯವರೆಗೆ ಯಾವ ರಸ್ತೆಯಲ್ಲಿ ಓಡಾಡುತ್ತೀರಿ ಎಂದು ಇಲ್ಲಿ ಬರೆದಿಡಿ.